ನೂರೈದರ ನೀಲಿ

"ಟೀಚರ್ ಇದ್ದಾರಾ?"

ನಮ್ಮ ಮೆಟ್ಟಿಲು ಹತ್ತಿ ಬರುವವರೆಲ್ಲ ಮೊದಲು ಕೇಳುವುದು ಇದನ್ನೇ. ಬಾಗಿಲು ತೆಗೆಯುವವಳು ನಾನು, ಕೂರಿಸುವವಳು ನಾನು, ಚಹಾ ಕೊಡುವವಳೂ ನಾನೇ. ಆದರೂ ಯಾರ ಕಣ್ಣೂ ನನ್ನ ಮೇಲೆ ನಿಲ್ಲುವುದಿಲ್ಲ. ಹೆಗಲ ಮೇಲಿಂದ ಹಾದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ ನನ್ನ ಅಕ್ಕನನ್ನು ಹುಡುಕುತ್ತವೆ. ಅಕ್ಕ ಮೂವತ್ತೆರಡು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವಳು. ನಿವೃತ್ತಿಯ ನಂತರ ಊರಿನವರ ಕಗ್ಗಂಟು ಬಿಡಿಸುವುದು ಅವಳ ಕೆಲಸವಾಯಿತು, ಅದನ್ನು ಬರೆದಿಡುವುದು ನನ್ನದಾಯಿತು. ನಾನು ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದವಳು.

ಹೊಟ್ಟೆಕಿಚ್ಚೇ ಎಂದು ನೀವು ಕೇಳಬಹುದು. ಹೌದು, ಹೊಟ್ಟೆಕಿಚ್ಚೇ. ಅರವತ್ತು ದಾಟಿದ ಮೇಲೆ ಅದಕ್ಕೆ ಬೇರೆ ಹೆಸರಿಟ್ಟು ನನಗೆ ಆಗಬೇಕಾದದ್ದು ಏನೂ ಇಲ್ಲ.

ಆ ಗುರುವಾರ ಬೆಳಿಗ್ಗೆ ಬಂದವಳಿಗೆ ಮೂವತ್ತೈದರ ಆಸುಪಾಸು. ಮೊಣಕೈವರೆಗೆ ಬೂದು ಪುಡಿ ಮೆತ್ತಿತ್ತು. ಬಟ್ಟೆಯಲ್ಲಿ ಸುತ್ತಿ ತಂದಿದ್ದ ಟೈಲೊಂದನ್ನು ಅಕ್ಕನ ಮುಂದಿನ ಮೇಜಿನ ಮೇಲಿಟ್ಟಳು. ಸುಟ್ಟ ಬದನೆಕಾಯಿಯ ಸಿಪ್ಪೆಯ ಬಣ್ಣ ಅದರದ್ದು, ಕಪ್ಪೂ ಅಲ್ಲ ಕಂದೂ ಅಲ್ಲ.

"ಕೆಳಗಿನ ಬೀದಿ ಟೈಲ್ ಕಾರ್ಖಾನೆಯವಳು ನಾನು," ಎಂದಳು. "ಮೆರುಗು ಕಲಸೋದು ನನ್ನ ಕೆಲಸ. ಅಲ್ಲಿ ಎಲ್ಲರೂ ನೀಲಿ ಅಂತ ಕರೀತಾರೆ. ಕೆಲವು ವರ್ಷದ ಹಿಂದೆ ಬಣ್ಣಗಳನ್ನೆಲ್ಲ ಒಂದೊಂದಾಗಿ ಸುಟ್ಟು ನೋಡುವಾಗ ಒಂದು ನೀಲಿ ಬಣ್ಣ ಕಂಡುಹಿಡಿದೆ, ಆವಾಗಿಂದ ಅದೇ ಹೆಸರು. ಆಸ್ಪತ್ರೆಯವರು ಮಕ್ಕಳ ವಾರ್ಡಿನ ಗೋಡೆಗೆ ಅದೇ ನೀಲಿ ಬೇಕು ಅಂದ್ರು. ನಾನೂರಿಪ್ಪತ್ತು ಟೈಲು. ಇವತ್ತು ಭಟ್ಟಿ ತೆಗೆದರೆ ಎಲ್ಲಾ ಹೀಗೆ."

"ಯಜಮಾನರು ಏನಂದ್ರು?"

"ತಪ್ಪು ಡಬ್ಬಿ ತೆಗೆದಿದ್ದೀಯ, ನಿನ್ನ ಕೈ ಹೋಯ್ತು ಅಂದ್ರು. ಶನಿವಾರದವರೆಗೆ ಇದ್ದು ಆಮೇಲೆ ಬೇರೆ ಕಡೆ ನೋಡ್ಕೋ ಅಂದ್ರು." ಅವಳು ಅಂಗೈ ಉಜ್ಜಿಕೊಂಡಳು. "ಈ ಕೆಲಸ ಹೋದ್ರೆ ಹೋಗ್ಲಿ ಟೀಚರ್. ಕಲಸೋಳ ಕೈ ತಪ್ಪಿದೆ ಅಂತ ಒಂದ್ಸಲ ಮಾತು ಹಬ್ಬಿದ್ರೆ ಯಾವ ಕಾರ್ಖಾನೇಲೂ ನನ್ನ ಕೈಗೆ ಸೌಟು ಕೊಡಲ್ಲ. ನಂಗೆ ಬರೋದು ಇದೊಂದೇ."

ಅಕ್ಕ ಟೈಲನ್ನು ತಿರುಗಿಸಿದಳು. ಹಿಂಬದಿಯ ಮಣ್ಣಿನಲ್ಲಿ, ಸುಡುವ ಮೊದಲೇ ಗೀರಿದ ಅಂಕಿಯಿತ್ತು: ನೂರೈದು. ಅದನ್ನು ಕಂಡು ಅವಳ ಮುಖ ಅರಳಿತು, ಏಕೆಂದರೆ ಆ ಅಂಕಿಗಳ ಏರ್ಪಾಡು ಅವಳದೇ.

ಐದು ವರ್ಷದ ಹಿಂದೆ ಕಾರ್ಖಾನೆಯ ಯಜಮಾನರು ತಲೆ ಕೆಡಿಸಿಕೊಂಡು ನಮ್ಮ ಮನೆಗೆ ಬಂದಿದ್ದರು. ಮೆರುಗು ಎಂದರೆ ಸುಡುವ ಮುನ್ನ ಟೈಲನ್ನು ಅದ್ದುವ ಗಾಜಿನಂಥ ಲೇಪ. ಏನೂ ಬೆರೆಸದೆ ಸುಟ್ಟರೆ ಅದು ಬಿಳಿ. ಅವರಲ್ಲಿ ಬಣ್ಣ ತರುವ ಪುಡಿಗಳ ಏಳು ಡಬ್ಬಿಗಳಿದ್ದವು. ಬೇಕಾದ ಡಬ್ಬಿಗಳಿಂದ ಒಂದೊಂದೇ ಸೌಟು ತೆಗೆದು ಕಲಸಿದರೆ ಒಂದು ಬಣ್ಣ. ಸುಡುವವರೆಗೆ ಎಲ್ಲವೂ ಒಂದೇ ಬೂದು, ನೋಡಿ ಹೇಳುವಂತಿಲ್ಲ. ಯಾವ ಬಣ್ಣಕ್ಕೆ ಯಾವ ಡಬ್ಬಿಗಳು ಎಂದು ಚೀಟಿ ಬರೆದು ಬರೆದು ಎಲ್ಲ ಕಲಸುಮೇಲೋಗರವಾಗಿತ್ತು.

ಅಕ್ಕ ಕೂತಲ್ಲೇ ಬಗೆಹರಿಸಿದಳು. ಮೊದಲ ಡಬ್ಬಿಯ ಬೆಲೆ ಒಂದು, ಎರಡನೆಯದರದ್ದು ಎರಡು, ಮೂರನೆಯದರದ್ದು ನಾಲ್ಕು, ನಾಲ್ಕನೆಯದರದ್ದು ಎಂಟು. ಹೀಗೆ ಪ್ರತಿ ಸಲ ಇಮ್ಮಡಿ ಮಾಡುತ್ತ ಹದಿನಾರು, ಮೂವತ್ತೆರಡು, ಏಳನೆಯದಕ್ಕೆ ಅರವತ್ತನಾಲ್ಕು. ಬಳಸಿದ ಡಬ್ಬಿಗಳ ಬೆಲೆಗಳನ್ನು ಕೂಡಿಸಿದರೆ ಬಂದ ಮೊತ್ತವೇ ಆ ಬಣ್ಣದ ಹೆಸರು.

"ಎರಡು ಬೇರೆ ಗುಂಪಿಗೆ ಒಂದೇ ಮೊತ್ತ ಬರೋದೇ ಇಲ್ಲ," ಎಂದಿದ್ದಳು ಅಂದು. "ಯಾವ ಅಂಕಿಯೂ ಖಾಲಿ ಬೀಳಲ್ಲ. ಸೊನ್ನೆ ಅಂದ್ರೆ ಯಾವ ಡಬ್ಬಿಯೂ ಇಲ್ಲ, ಬರೀ ಬಿಳಿ. ನಾಳೆ ಎಂಟನೇ ಡಬ್ಬಿ ಬರಲಿ, ನೂರನೇದು ಬರಲಿ, ಹಳೇ ಹೆಸರು ಬದಲಾಗಲ್ಲ. ಡಬ್ಬಿಗಳ ಸಾಲು ಮುಗಿಯದೇ ಇದ್ರೂ ಚಿಂತೆಯಿಲ್ಲ. ಒಂದ್ಸಲಕ್ಕೆ ನೀವು ತೆಗೆಯೋದು ಎಣಿಸಿ ಮುಗಿಯೋ ಅಷ್ಟು ಡಬ್ಬಿ ತಾನೆ? ಅಂಥ ಪ್ರತಿ ಗುಂಪಿಗೂ ಅಂಕಿಗಳ ಸಾಲಲ್ಲಿ ತನ್ನದೇ ಒಂದು ಜಾಗ ಇದ್ದೇ ಇದೆ."

ನಾನು ಚಹಾ ಲೋಟ ಹಿಡಿದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದೆ. ಇಷ್ಟು ಸುಲಭದ್ದು ನನಗೇಕೆ ಹೊಳೆಯಲಿಲ್ಲ ಎಂದು ಮೂರು ದಿನ ಊಟ ಸೇರಿರಲಿಲ್ಲ.

"ನೂರೈದನ್ನ ಬಿಡಿಸು ನೋಡೋಣ," ಎಂದಳು ಅಕ್ಕ.

"ಅರವತ್ತನಾಲ್ಕು ತೆಗೆದ್ರೆ ನಲವತ್ತೊಂದು ಉಳೀತು. ಮೂವತ್ತೆರಡು ತೆಗೆದ್ರೆ ಒಂಬತ್ತು. ಎಂಟು, ಒಂದು. ಅಲ್ಲಿಗೆ ಏಳನೇದು, ಆರನೇದು, ನಾಲ್ಕನೇದು, ಒಂದನೇದು," ಎಂದಳು ನೀಲಿ ತಡವರಿಸದೆ. "ಸೋಮವಾರ ಬೆಳಿಗ್ಗೆ ಇವೇ ನಾಲ್ಕು ಹಾಕಿದ್ದೀನಿ. ಹಾಕಿದ ಡಬ್ಬಿಯನ್ನ ಎಡಗಡೆಯಿಂದ ಬಲಗಡೆ ಇಟ್ಟುಬಿಡ್ತೀನಿ, ಮರೆಯೋ ಮಾತೇ ಇಲ್ಲ. ಆಮೇಲೆ ಒಂದು ಒಡಕು ಚೂರನ್ನ ಅದ್ದಿ ಲೇಪ ಎಷ್ಟು ದಪ್ಪ ಕೂತಿದೆ ನೋಡಿ, ಬಕೆಟ್ ಮುಚ್ಚಿ ಊಟಕ್ಕೆ ಮನೆಗೆ ಹೋದೆ. ಬಂದ ಮೇಲೆ ಟೈಲು ಅದ್ದಿದ್ದು."

"ಊಟದ ಹೊತ್ತಲ್ಲಿ ಅಲ್ಲಿ ಯಾರಿದ್ರು?"

"ಯಜಮಾನರು, ಅವರ ಮಗಳು, ಭಟ್ಟಿಯಣ್ಣ. ಬೇರೆ ಯಾರೂ ಇಲ್ಲ."

ಅಕ್ಕ ಚಪ್ಪಲಿ ಹುಡುಕತೊಡಗಿದಳು. ನಾನು ಕೊಡೆ, ನೋಟುಪುಸ್ತಕ, ಅವಳ ಕನ್ನಡಕ ಎಲ್ಲ ತೆಗೆದುಕೊಂಡು ಹಿಂದೆ ಹೊರಟೆ.

ಕಾರ್ಖಾನೆ ಎಂದರೆ ಉದ್ದನೆಯ ಒಂದು ಶೆಡ್ಡು. ಒಂದು ತುದಿಗೆ ಭಟ್ಟಿ, ಇನ್ನೊಂದು ತುದಿಗೆ ಕಲಸುವ ಕಟ್ಟೆ, ನಡುವಿನ ಗೋಡೆಯ ತುಂಬ ಮೊಳೆಗೆ ತೂಗುಹಾಕಿದ ಮಾದರಿ ಟೈಲುಗಳು. ಅಕ್ಕನ ಮಾತಿನಂತೆ ಏಳು ಡಬ್ಬಿಗಳಿಂದಾಗುವ ಎಲ್ಲ ಗುಂಪುಗಳನ್ನೂ ಒಂದೂ ಬಿಡದೆ ಸುಟ್ಟು, ಸೊನ್ನೆಯಿಂದ ನೂರ ಇಪ್ಪತ್ತೇಳರವರೆಗೆ ಸಾಲಾಗಿ ಹಾಕಿದ್ದರು. ಒಟ್ಟು ನೂರ ಇಪ್ಪತ್ತೆಂಟು.

ಯಜಮಾನರು ಬಾಗಿಲ ಬಳಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಎಪ್ಪತ್ತರ ಮುದುಕ, ಬೆರಳುಗಳೆಲ್ಲ ಬಿರುಕು. "ಬನ್ನಿ ಟೀಚರಮ್ಮ. ನಿಮ್ಮ ಅಂಕಿ ಒಳ್ಳೇದೇ, ನಾನು ಇಲ್ಲ ಅನ್ನಲ್ಲ. ಆದ್ರೆ ನಂಗೆ ಅದರ ಗೊಡವೆ ಬೇಡ. ಪುಡೀನ ಬೆರಳಲ್ಲಿ ಉಜ್ಜಿದ್ರೆ ಯಾವ ಡಬ್ಬಿದು ಅಂತ ಹೇಳ್ತೀನಿ. ನೀಲಿಗೂ ಆ ಬೆರಳು ಇತ್ತು. ಇದ್ದಕ್ಕಿದ್ದಂಗೆ ಏನಾಯ್ತೋ ಗೊತ್ತಿಲ್ಲ."

ಅವರ ಮಗಳು ಸ್ಟೂಲು ಎಳೆದು ಕೊಟ್ಟಳು. ನೀಲಿಯದೇ ವಯಸ್ಸು, ಚುರುಕು ಕಣ್ಣು, ಬೆರಳ ತುದಿಯಲ್ಲಿ ಶಾಯಿ. ಯಾವ ಬಣ್ಣಕ್ಕೆ ಯಾವ ಡಬ್ಬಿ ಎಂದು ಹೇಳಿದರೆ ಕೂಡಿಸಿ ಚೀಟಿ ಬರೆಯುವವಳು ಅವಳು. ಅಕ್ಕ ಸುಮ್ಮನೆ "ಎರಡನೇದು, ಐದನೇದು, ಏಳನೇದು" ಎಂದಳು. ಅವಳು ಉಸಿರು ಬಿಡುವುದರೊಳಗೆ "ಎಂಬತ್ತೆರಡು" ಎಂದಳು.

"ಭೇಷ್. ಐವತ್ತೊಂದನ್ನ ಬಿಡಿಸು?"

"ಅಯ್ಯೋ, ಬಿಡಿಸೋದೆಲ್ಲ ನೀಲಿಗೆ ಬಿಟ್ಟಿದ್ದು. ನಾನು ಕೂಡಿಸಿ ಚೀಟಿ ಕೊಟ್ರೆ ಮುಗೀತು. ಸೌಟು ಹಿಡಿದವಳಲ್ಲ ನಾನು." ಅವಳು ನಕ್ಕಳು. "ಟೀಚರ್, ಅವಳನ್ನ ಕಳಿಸ್ಬೇಡಿ ಅಂತ ಅಪ್ಪನಿಗೆ ಹೇಳಿ. ಅವಳ ಕೈ ಅಂದ್ರೆ ಚಿನ್ನ. ಮಗಳು ಅಂತ ಇದ್ರೆ ನೀಲಿ ಥರ ಇರ್ಬೇಕು ಅಂತ ಅಪ್ಪ ಹೇಳ್ತಾನೇ ಇರ್ತಾರೆ. ಹೋದ ತಿಂಗಳೊಂದರಲ್ಲೇ ಮೂರು ಸಲ ಹೇಳಿದ್ರು."

ಎಂಥ ಒಳ್ಳೆಯ ಹುಡುಗಿ ಎಂಬಂತೆ ಅಕ್ಕ ತಲೆಯಾಡಿಸಿದಳು. ನಾನು ಮಾತ್ರ ಅವಳು "ಮೂರು ಸಲ" ಎಂದದ್ದನ್ನು ಪುಸ್ತಕದಲ್ಲಿ ಬರೆದುಕೊಂಡೆ.

ಭಟ್ಟಿ ನೋಡಿಕೊಳ್ಳುವವನು ಅಗಲ ಎದೆಯ, ಹುಬ್ಬು ಸುಟ್ಟ ಮನುಷ್ಯ. ಅವನು ಒಂದು ಬಿಳಿ ಟೈಲನ್ನು ತಂದು ಅಕ್ಕನ ಕೈಗಿಟ್ಟ. "ಪ್ರತಿ ಸಲ ಒಂದು ಸೊನ್ನೆ ಇಡ್ತೀನಿ ಅಮ್ಮಾ. ಬೆಂಕಿ ಹೆಚ್ಚಾದ್ರೆ ಇದು ಹಳದಿ ತಿರುಗುತ್ತೆ. ನೋಡಿ, ಹಾಲಿನಂಗೆ ಬಂದಿದೆ. ನನ್ನ ಬೆಂಕಿ ಮೇಲೆ ತಪ್ಪು ಹೊರಿಸ್ಬೇಡಿ."

ಆಮೇಲೆ ಅಕ್ಕ ಗೋಡೆಯ ಮುಂದೆ ನಿಂತಳು. ಹಾಳಾದ ಟೈಲನ್ನು ಹಿಡಿದು, ಸೊನ್ನೆಯಿಂದ ಹೊರಟು, ಒಂದೊಂದರ ಮೂಲೆ ಒರೆಸಿ, ಪಕ್ಕದಲ್ಲಿ ಇಟ್ಟು ನೋಡುತ್ತ ಹೋದಳು. ಒಂದೂವರೆ ಗಂಟೆ ಹಿಡಿಯಿತು. ಮೇಲಿನ ಸಾಲುಗಳಿಗೆ ಸ್ಟೂಲು ಹಿಡಿದುಕೊಂಡವಳು ಯಾರೆಂದು ಹೇಳಬೇಕಾಗಿಲ್ಲ. ನೂರ ಇಪ್ಪತ್ತೇಳನ್ನು ಮುಟ್ಟಿ, "ಇಲ್ಲಿ ಈ ಬಣ್ಣ ಇಲ್ಲವೇ ಇಲ್ಲ," ಎಂದಳು. ಅವಳಿಗೆ ಖುಷಿಯಾಗಿತ್ತು.

ಅವಳು ಬಣ್ಣ ನೋಡುತ್ತಿದ್ದಾಗ ನಾನು ಧೂಳು ನೋಡುತ್ತಿದ್ದೆ. ಆ ಗೋಡೆಯ ಟೈಲುಗಳ ಮೇಲೆ ವರ್ಷಗಳ ಬೂದು ಪುಡಿ ಕೂತಿತ್ತು. ಒಂದರ ಮೇಲೆ ಮಾತ್ರ ಎರಡು ಮೂರು ದಿನದ ತೆಳು ಪದರವಷ್ಟೇ ಇತ್ತು. ಯಾರೋ ಅದನ್ನು ಇಳಿಸಿ, ಒರೆಸಿ, ತಿರುಗಿ ಹಾಕಿದ್ದರು. ನೂರ ಹದಿಮೂರು. ಸಪ್ಪೆ ನೀಲಿ, ತೊಳೆದು ತೊಳೆದು ಮಾಸಿದ ಬಟ್ಟೆಯ ಹಾಗೆ. ಅದು ಯಾವ ಬಣ್ಣ ಎಂದು ಭಟ್ಟಿಯಣ್ಣನನ್ನು ಮೆಲ್ಲಗೆ ಕೇಳಿದೆ.

"ಯಜಮಾನರ ಹಳೇ ನೀಲಿ," ಎಂದ. "ಇಪ್ಪತ್ತು ವರ್ಷ ಅದೇ ನಡೀತು. ಈಗ ಅದನ್ನ ಕೇಳೋರಿಲ್ಲ."

ಇದನ್ನು ಅಕ್ಕನಿಗೆ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅವಳಿಗೆ ಕಾಣದ್ದು ನನಗೊಂದು ಕಂಡಿತ್ತು, ಸ್ವಲ್ಪ ಹೊತ್ತಾದರೂ ಅದು ನನ್ನದಾಗಿಯೇ ಇರಲಿ ಅನ್ನಿಸಿತು.

ಹೊರಡುವ ಮುನ್ನ ಅಕ್ಕ ಭಟ್ಟಿಯ ಬಾಯಿಯ ಬಳಿ ಹೋಗಿ ಎರಡು ಪ್ರಶ್ನೆ ಕೇಳಿದಳು. ಆಗ ಅಲ್ಲಿ ನಾವು ಮೂವರೇ ಇದ್ದೆವು. "ಯಾವುದಾದ್ರೂ ಡಬ್ಬಿ ಎರಡು ಸೌಟು ಬಿದ್ರೆ ಹೀಗೆ ಕಪ್ಪಾಗುತ್ತಾ?"

ಅವನು ಹಣೆ ಚಚ್ಚಿಕೊಂಡ. "ನಾಲ್ಕನೇದು. ಹಿಂದೊಮ್ಮೆ ಆಗಿತ್ತು, ಇಡೀ ಬಕೆಟ್ ಚೆಲ್ಲಿದ್ವಿ. ಸೌಟು ಹಿಡಿಯೋರಿಗೆಲ್ಲ ಮೊದಲು ಹೇಳಿಕೊಡೋ ಪಾಠ ಅದು. ಯಜಮಾನರಿಗೆ, ನಂಗೆ, ನೀಲಿಗೆ, ಮೂವರಿಗೂ ಗೊತ್ತು. ನೀಲಿ ಎರಡು ಸಲ ಹಾಕೋಳಲ್ಲ ನೋಡಿ, ಅದಕ್ಕೇ ಆ ಕಡೆ ಯೋಚನೆನೇ ಹೋಗ್ಲಿಲ್ಲ."

"ನೀಲಿ ಮೊದಲು ಅದ್ದಿದ ಒಡಕು ಚೂರು ಎಲ್ಲಿ?"

"ಅದಾ? ಭಟ್ಟಿ ಒಳಗಿನ ತಟ್ಟೆ ಅಲ್ಲಾಡ್ತಿತ್ತು. ಕಾಲಿನ ಕೆಳಗೆ ಒತ್ತು ಕೊಟ್ಟೆ."

ಅವನು ಒಳಗೆ ಬಗ್ಗಿ ಚೂರನ್ನು ತೆಗೆದ. ಒಂದು ಮುಖವನ್ನು ಅಂಗಿಗೆ ಒರೆಸಿ ಬಿಸಿಲಿಗೆ ಹಿಡಿದ. ಗೋಡೆಯ ಮೇಲೆ ಬರೀ ಧೂಳನ್ನೇ ನೋಡಿದ್ದ ನಾನು ಅಂಥ ನೀಲಿಯನ್ನು ಅದುವರೆಗೆ ಕಂಡಿರಲಿಲ್ಲ. ಒಳಗೆ ಕೈ ಹಾಕಿದರೆ ಮೊಣಕೈವರೆಗೆ ಮುಳುಗಬಹುದು ಅನ್ನಿಸಿತು. ಇದನ್ನು ಮಾಡಿದವಳನ್ನು ದಿನಾ ಎದುರಿಗೆ ನೋಡಬೇಕಾದವರ ಗತಿಯೇನು ಎಂಬ ಯೋಚನೆಯೂ ಅದರ ಹಿಂದೆಯೇ ಬಂತು. ಅಕ್ಕ ಚೂರನ್ನು ಚೀಲಕ್ಕೆ ಹಾಕಿಕೊಂಡು, ನಾಳೆಯವರೆಗೆ ಬಾಯಿ ಬಿಡಬೇಡ ಎಂದು ಅವನಿಗೆ ಹೇಳಿದಳು.

ಸಂಜೆ ಮನೆಯಲ್ಲಿ ಅವಳು ಕುರ್ಚಿ ಬಿಟ್ಟು ಏಳಲಿಲ್ಲ. "ಹೇಗೆ ಅನ್ನೋದು ಗೊತ್ತಾಯ್ತು ಕಣೆ. ಯಾರೋ ಮಧ್ಯಾಹ್ನ ನಾಲ್ಕನೇ ಡಬ್ಬಿಯಿಂದ ಇನ್ನೊಂದು ಸೌಟು ಹಾಕಿದ್ದಾರೆ. ಆದ್ರೆ ಹಾಳು ಮಾಡೋಕೆ ಒಂದು ಹಿಡಿ ಬೂದಿ ಸಾಕಿತ್ತು. ಅಳತೆಯಾಗಿ ಒಂದೇ ಸೌಟು, ಅದೂ ನಾಲ್ಕನೇದೇ ಯಾಕೆ?"

ನಾನು ಪಾತ್ರೆ ಒರೆಸುತ್ತಿದ್ದೆ. ಇನ್ನೂ ಅರ್ಧ ಗಂಟೆ ತಡೆದುಕೊಳ್ಳಬೇಕೆಂದಿದ್ದೆ. ನೀಲಿ ಅಂಗೈ ಉಜ್ಜಿಕೊಂಡದ್ದು ನೆನಪಾಗಿ ತಡೆಯಲಾಗಲಿಲ್ಲ. "ನೂರ ಹದಿಮೂರರ ಧೂಳು ಒರೆಸಿದ್ದಾರೆ," ಎಂದೆ. "ಅದು ಯಜಮಾನರ ಹಳೇ ನೀಲಿ."

 ಅಕ್ಕ ಜೋರಾಗಿ ನಕ್ಕಳು. "ನೂರ ಹದಿಮೂರರಲ್ಲಿ ನೂರೈದು ಕಳಿ."

"ಎಂಟು."

"ಎಂಟು ಯಾವ ಡಬ್ಬಿ ಬೆಲೆ?" ಅವಳು ಎದ್ದು ನನ್ನ ಕೆನ್ನೆ ತಟ್ಟಿದಳು. "ಜಾಣೆ ಕಣೆ ನೀನು." ಅರವತ್ತೆರಡು ವರ್ಷದ ನನಗೆ ಅದು ಮಗುವಿನ ಕೈಗೆ ಮಿಠಾಯಿ ಇಟ್ಟಂತಾಯಿತು, ಮೈ ಉರಿಯಿತು.

ಶುಕ್ರವಾರ ಬೆಳಿಗ್ಗೆ ಎಲ್ಲರೂ ಕಲಸುವ ಕಟ್ಟೆಯ ಸುತ್ತ ಸೇರಿದೆವು. ಯಜಮಾನರು ಕುರ್ಚಿಯಲ್ಲಿ, ಹಿಂದೆ ಮಗಳು, ಭಟ್ಟಿಯಣ್ಣ ಗೋಡೆಗೆ ಒರಗಿ, ಏಪ್ರನ್ ಕಟ್ಟಿಕೊಂಡೇ ಒಂದು ಮೂಲೆಯಲ್ಲಿ ನೀಲಿ. ಅಕ್ಕ ಹಾಳಾದ ಟೈಲನ್ನು ಕಟ್ಟೆಯ ಮೇಲಿಟ್ಟಳು.

"ಮೊದಲನೆಯದು, ಬೆಂಕಿ ಸರಿಯಿತ್ತು. ಅದೇ ಭಟ್ಟಿಯಲ್ಲಿ ಸೊನ್ನೆ ಬೆಳ್ಳಗೆ ಬಂದಿದೆ. ಎರಡನೆಯದು, ನೀಲಿ ತಪ್ಪು ಡಬ್ಬಿ ತೆಗೆದಳು ಅಂತ ಯಜಮಾನರು ಅಂದ್ರು. ಒಂದು ಡಬ್ಬಿ ಬಿಟ್ಟಿರಲಿ, ಒಂದು ಹೆಚ್ಚು ತೆಗೆದಿರಲಿ, ಒಂದರ ಬದಲು ಇನ್ನೊಂದು ತೆಗೆದಿರಲಿ, ಅದು ಏಳು ಡಬ್ಬಿಗಳ ಯಾವುದೋ ಒಂದು ಗುಂಪು ಆಗಲೇಬೇಕು. ಆ ಗುಂಪುಗಳೆಲ್ಲ ಈ ಗೋಡೆ ಮೇಲಿವೆ. ಒಂದೂ ತಪ್ಪಿಲ್ಲ, ಒಂದೂ ಎರಡು ಸಲ ಇಲ್ಲ. ನಿನ್ನೆ ಎಲ್ಲಾ ನೋಡಿದೆ. ಈ ಬಣ್ಣ ಅಲ್ಲಿಲ್ಲ. ಅಂದ್ರೆ ಇದು ಗುಂಪೇ ಅಲ್ಲ. ಗುಂಪಲ್ಲಿ ಒಂದು ಡಬ್ಬಿ ಇದೆ ಅಥವಾ ಇಲ್ಲ, ಎರಡು ಸಲ ಇರೋಕೆ ಬರಲ್ಲ. ಇಲ್ಲಿ ಯಾವುದೋ ಒಂದು ಎರಡು ಸಲ ಬಿದ್ದಿದೆ. ಅದು ನಾಲ್ಕನೇದು ಅಂತ ಭಟ್ಟಿಯಣ್ಣ ಹೇಳಿದ."

ಯಜಮಾನರು ಟೈಲನ್ನು ಎತ್ತಿ ನೋಡಿ, "ಹೌದಲ್ಲ," ಎಂದರು.

"ಮೂರನೆಯದು ಇದು." ಅಕ್ಕ ನೀಲಿ ಬಣ್ಣದ ಚೂರನ್ನು ಹೊರತೆಗೆದಳು. "ಕಲಸಿದ ತಕ್ಷಣ ಅದ್ದಿದ್ದು, ಅದೇ ಭಟ್ಟಿಯಲ್ಲಿ ತಟ್ಟೆ ಕಾಲಿನ ಕೆಳಗೆ ಬೆಂದದ್ದು. ಬೆಳಿಗ್ಗೆ ಬಕೆಟ್ ಸರಿಯಿತ್ತು."

ನೀಲಿಯ ಕಣ್ಣು ತುಂಬಿತು. ಆದರೆ ಯಜಮಾನರು ತಲೆ ಅಲ್ಲಾಡಿಸಿದರು. "ಹಾಗಾದ್ರೆ ಊಟ ಮುಗಿಸಿ ಬಂದು, ಹಾಕಿದ್ದು ಮರೆತು ಇನ್ನೊಂದು ಸೌಟು ಹಾಕಿದ್ದಾಳೆ."

"ಪಾಪ, ಮರೆತಿರ್ಬೇಕು ಅಪ್ಪ. ಅವಳನ್ನ ಬೈಬೇಡಿ," ಎಂದಳು ಮಗಳು.

"ಮರೆತು ಹಾಕಿದವರು ಗೋಡೆಯ ಟೈಲು ಒರೆಸಿ ನೋಡಲ್ಲ," ಎಂದಳು ಅಕ್ಕ. "ನೂರ ಹದಿಮೂರನ್ನ ಈ ವಾರ ಯಾರೋ ಇಳಿಸಿ ನೋಡಿದ್ದಾರೆ. ಇದು ನನ್ನ ತಂಗಿ ಕಂಡದ್ದು. ನೂರೈದಕ್ಕೆ ಎಂಟು ಕೂಡಿಸಿದ್ರೆ ನೂರ ಹದಿಮೂರು, ಎಂಟು ನಾಲ್ಕನೇ ಡಬ್ಬಿ ಬೆಲೆ. ಆದ್ದರಿಂದ ನಾಲ್ಕನೇದು ಇನ್ನೊಂದು ಸೌಟು ಹಾಕಿದ್ರೆ ನೂರ ಹದಿಮೂರು ಆಗುತ್ತೆ ಅಂತ ಅವರು ಲೆಕ್ಕ ಹಾಕಿದ್ರು. ತಪ್ಪು ಆಗಿದ್ದು ಅಲ್ಲೇ. ನೂರೈದರಲ್ಲಿ ನಾಲ್ಕನೇದು ಆಗಲೇ ಇತ್ತು. ನೂರ ಹದಿಮೂರನ್ನ ಬಿಡಿಸಿ ನೋಡಿ: ಏಳು, ಆರು, ಐದು, ಒಂದು. ಅದರಲ್ಲಿ ನಾಲ್ಕನೇದು ಇಲ್ಲವೇ ಇಲ್ಲ, ಐದನೇದಿದೆ. ಕಾಗದದ ಮೇಲೆ ಎಂಟಕ್ಕೆ ಎಂಟು ಸೇರಿದ್ರೆ ಹದಿನಾರು. ಬಕೆಟ್ಟಿನಲ್ಲಿ ನಾಲ್ಕನೇ ಪುಡಿಗೆ ಅದೇ ಪುಡಿ ಸೇರಿದ್ರೆ ಐದನೇ ಪುಡಿ ಆಗಲ್ಲ."

ಅವಳು ಒಬ್ಬೊಬ್ಬರನ್ನೇ ನೋಡಿದಳು. "ಯಜಮಾನರು ಅಂಕಿ ಮುಟ್ಟಲ್ಲ. ಭಟ್ಟಿಯಣ್ಣನಿಗೂ ನೀಲಿಗೂ ನಾಲ್ಕನೇದು ಎರಡಾದ್ರೆ ಕಪ್ಪು ಅಂತ ಗೊತ್ತು. ಹಳೇ ನೀಲಿ ಬೇಕು ಅಂತ ಅವರ್ಯಾರೂ ಅದನ್ನ ಹಾಕಲ್ಲ. ಇಂಥ ತಪ್ಪು ಮಾಡೋಕೆ ಕೂಡಿಸೋದು ಚೆನ್ನಾಗಿ ಬರ್ಬೇಕು, ಸೌಟು ಮಾತ್ರ ಯಾವತ್ತೂ ಹಿಡಿದಿರಬಾರದು."

ಮಗಳ ಮುಖ ಬಿಳಿಚಿತು. ಆದರೂ ದನಿ ನಡುಗಲಿಲ್ಲ. "ಧೂಳು ಯಾರು ಬೇಕಾದ್ರೂ ಒರೆಸಬಹುದು ಟೀಚರ್. ಎಂಟು ಕೂಡಿಸೋಕೆ ಯಾರಿಗೆ ಬರಲ್ಲ? ನಾನ್ಯಾಕೆ ಮಾಡ್ಲಿ ಹೇಳಿ. ನೀಲಿ ಅಂದ್ರೆ ನಂಗೆ ಪ್ರಾಣ."

"ಅವಳಷ್ಟು ನೀಲೀನ ಹೊಗಳೋರು ಈ ಕಾರ್ಖಾನೇಲಿ ಯಾರೂ ಇಲ್ಲ," ಎಂದು ಯಜಮಾನರು ಎದ್ದು ನಿಂತರು. "ನನ್ನ ಮಗಳ ಮೇಲೆ ಹೇಳ್ತಿದ್ದೀರಿ. ಯಾಕೆ ಅಂತಾನೂ ಹೇಳಿ."

 ಅದು ಅಕ್ಕನಿಗೆ ಗೊತ್ತಿರಲಿಲ್ಲ. ಹುಟ್ಟಿದಾರಭ್ಯ ಯಾರನ್ನೂ ನೋಡಿ ಕರುಬಬೇಕಾದ ಅಗತ್ಯ ಅವಳಿಗೆ ಬಿದ್ದಿರಲಿಲ್ಲ.  ಏಪ್ರನ್ನಿನ ಗಂಟನ್ನು ನೀಲಿ ಬಿಚ್ಚತೊಡಗಿದಳು.

"ಬಿಡಿ ಟೀಚರ್. ನಾನೇ ಮರೆತೆ ಅಂತ ಆಗ್ಲಿ. ಅಪ್ಪ ಮಗಳ ನಡುವೆ ನಂಗೆ ಬೇಡ."

ಆ ಗಂಟು ಪೂರ್ತಿ ಬಿಚ್ಚಿಕೊಳ್ಳುವುದನ್ನು ನೋಡುತ್ತ ನಿಲ್ಲಲು ನನ್ನಿಂದಾಗಲಿಲ್ಲ. ನಾನು ಪುಸ್ತಕ ಮುಚ್ಚಿಟ್ಟು ಮಗಳ ಎದುರು ಹೋಗಿ ನಿಂತೆ.

"ಹಾಳು ಮಾಡ್ಬೇಕು ಅಂತ ನೀನು ಹಾಕ್ಲಿಲ್ಲ ಅಲ್ವಾ?" ಎಂದೆ. "ಹಾಳಾದ್ರೆ ಎಲ್ಲರೂ ಅಯ್ಯೋ ಅಂತಾರೆ, ಅದು ನಿಂಗೆ ಬೇಕಿರ್ಲಿಲ್ಲ. ಅವಳ ನೀಲಿ ನಿಮ್ಮಪ್ಪನ ಹಳೇ ನೀಲಿ ಥರ ಬರ್ಬೇಕಿತ್ತು. ಆಸ್ಪತ್ರೆಯವರು ನೋಡಿ, ಇದಕ್ಕಾ ಇಷ್ಟು ಹೇಳಿದ್ದು, ಅನ್ನಬೇಕಿತ್ತು. ಅವಳು ಸಾಧಾರಣ ಆಗ್ಬೇಕಿತ್ತು, ಅಷ್ಟೇ."

ಅವಳು ಬೆರಳ ತುದಿಯ ಶಾಯಿಯನ್ನು ಉಜ್ಜತೊಡಗಿದಳು.

"ಅಪ್ಪ ಎಷ್ಟು ಸಲ ಹೊಗಳಿದ್ರು ಅಂತ ಎಣಿಸಿ ಇಟ್ಟಿದ್ದೀಯ. ಅವರು ಹೊಗಳೋಕೆ ಮುಂಚೆ ನೀನೇ ಹೊಗಳಿಬಿಡ್ತೀಯ, ಯಾಕೆಂದ್ರೆ ಆವಾಗ ನಿನ್ನ ಮುಖ ಯಾರೂ ನೋಡಲ್ಲ. ಇದೆಲ್ಲ ನಂಗೆ ಹೇಗೆ ಗೊತ್ತು ಅಂದ್ರೆ, ನಾನೂ ಹಾಗೇ ಬದುಕಿದ್ದೀನಿ. ಮತ್ತೆ ನೀನು ಮಾಡಿದ್ದನ್ನ ನಾನೂ ಮಾಡಿದ್ದೀನಿ."

ಅಕ್ಕ ನನ್ನ ಕಡೆ ತಿರುಗಿದ್ದು ಬೆನ್ನಿಗೆ ತಿಳಿಯಿತು. ತಿರುಗಿ ನೋಡಿದರೆ ಮಾತು ನಿಂತುಹೋಗುತ್ತದೆಂದು ಮಗಳನ್ನೇ ನೋಡುತ್ತ ಹೇಳಿದೆ.

"ನಮ್ಮಕ್ಕ ಇಪ್ಪತ್ತಾರು ವರ್ಷಕ್ಕೆ ಒಂದು ಪ್ರಬಂಧ ಬರೆದಿದ್ಲು. ಪೂರ್ಣ ಸಂಖ್ಯೆಗಳ ಪರಿಮಿತ, ಅಂದ್ರೆ ಎಣಿಸಿ ಮುಗಿಯೋ, ಗುಂಪುಗಳನ್ನೆಲ್ಲ ಒಂದು ಸಾಲಲ್ಲಿ ನಿಲ್ಲಿಸಿ, ಅಲ್ಲಿಂದ ಮುಂದೆ ಎಲ್ಲೆಲ್ಲೋ ಹೋಗಿತ್ತು. ದೊಡ್ಡ ಪತ್ರಿಕೆಗೆ ಕಳಿಸೋಕೆ ನಂಗೆ ಟೈಪ್ ಮಾಡೋಕೆ ಕೊಟ್ಲು. ಹನ್ನೊಂದು ಹಾಳೆ. ಅದರಲ್ಲಿ ನಾನು ಒಂದು ಸಾಲು ಬಿಟ್ಟೆ. ಬೇಕಂತಲೇ ಬಿಟ್ಟೆ. ಅವಳು ನನ್ನನ್ನ ನಂಬಿ ಓದದೇ ಕಳಿಸಿದ್ಲು. ನಡುವಿನ ಒಂದು ಹೆಜ್ಜೆ ನಿಲ್ಲೋದಿಲ್ಲ ಅಂತ ವಾಪಸ್ ಬಂತು. ತನ್ನ ಯೋಚನೆಯೇ ತಪ್ಪು ಅಂದ್ಕೊಂಡು ಅವಳು ತಾಳೆ ಕೂಡ ನೋಡದೆ ಕೈಬರಹಾನೂ ಒಲೆಗೆ ಹಾಕಿ, ಶಾಲೆ ಕೆಲಸಕ್ಕೆ ಸೇರಿದ್ಲು. ನಂಗೆ ಸಮಾಧಾನ ಆಗುತ್ತೆ ಅಂದ್ಕೊಂಡಿದ್ದೆ. ಆಗ್ಲಿಲ್ಲ ಕಣಮ್ಮ. ಮೂವತ್ತೆಂಟು ವರ್ಷ ಆಯ್ತು, ಇನ್ನೂ ಆಗಿಲ್ಲ. ನೀನಾದ್ರೂ ಇವತ್ತೇ ಹೇಳಿಬಿಡು."

 ಮಗಳು ನೆಲ ನೋಡುತ್ತ, "ಕಪ್ಪಾಗುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ," ಎಂದಳು. ಆಮೇಲೆ ಯಜಮಾನರ ಕಡೆ ನೋಡಿದಳು. "ಒಂದು ದಿನಾನಾದ್ರೂ ನನ್ನ ಕೈಗೆ ಸೌಟು ಕೊಟ್ರಾ ಅಪ್ಪ?"

ಯಜಮಾನರು ಕುರ್ಚಿಯಲ್ಲಿ ಕುಸಿದು ಕೂತರು. ತಮ್ಮ ಬಿರುಕು ಬೆರಳುಗಳನ್ನೇ ನೋಡಿಕೊಂಡರು. ಕೊನೆಗೆ ನೀಲಿಯನ್ನು ಹತ್ತಿರ ಕರೆದು, "ನಿನ್ನ ಕೈ ತಪ್ಪಿದೆ ಅಂತ ನಾನು ಅಂದದ್ದು ತಪ್ಪು. ಆಸ್ಪತ್ರೆಯವರ ಎದುರಿಗೂ ನಾನೇ ಹೇಳ್ತೀನಿ," ಎಂದರು.  ನೀಲಿ ಅರ್ಧ ಬಿಚ್ಚಿದ್ದ ಗಂಟನ್ನು ತಿರುಗಿ ಬಿಗಿದುಕೊಂಡು, ಭಟ್ಟಿ ಯಾವಾಗ ಖಾಲಿಯಾಗುತ್ತದೆಂದು ಭಟ್ಟಿಯಣ್ಣನನ್ನು ಕೇಳಿದಳು. ನಾನೂರಿಪ್ಪತ್ತು ಟೈಲು ಮತ್ತೆ ಆಗಬೇಕಿತ್ತು.

ಮನೆಗೆ ಬರುವಾಗ ಅಕ್ಕ ನನಗಿಂತ ಇಪ್ಪತ್ತು ಹೆಜ್ಜೆ ಮುಂದಿದ್ದಳು. ನಾನು ಅವಳನ್ನು ಹಿಡಿಯಲು ಹೋಗಲಿಲ್ಲ. ಮೆಟ್ಟಿಲು ಹತ್ತಿ, ಕುರ್ಚಿಯಲ್ಲಿ ಕೂತು, ಕಿಟಕಿಯಾಚೆ ನೋಡತೊಡಗಿದಳು. ಚಹಾ ಇಟ್ಟೆ, ಮುಟ್ಟಲಿಲ್ಲ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಹೊರಗೆ ನಡಿ ಎಂದಿದ್ದರೂ ಒಂದು ದಾರಿ ಇತ್ತು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕಾದೆ.

ಬಿಸಿಲು ಇಳಿಯುವ ಹೊತ್ತಿಗೆ ಅವಳು ಕೇಳಿದಳು: "ಯಾವ ಸಾಲು?"

ನನಗೆ ನೆನಪಿಸಿಕೊಳ್ಳಬೇಕಾಗಲಿಲ್ಲ. "ಏಳನೇ ಹಾಳೆ, ಮೇಲಿಂದ ಆರನೇ ಸಾಲು," ಎಂದು ಹೇಳಿದೆ. "ಗುಂಪು ಪರಿಮಿತವಾದ್ದರಿಂದ ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆಯೊಂದು ಇದ್ದೇ ಇರುತ್ತದೆ, ಆದ್ದರಿಂದ ಕೂಡಿಕೆ ಎಲ್ಲೋ ಒಂದು ಕಡೆ ನಿಂತೇ ನಿಲ್ಲುತ್ತದೆ."

ಅಕ್ಕ ಪೆನ್ಸಿಲ್ ಎತ್ತಿಕೊಂಡು ಅದನ್ನು ಒಂದು ಚೀಟಿಯ ಹಿಂದೆ ಬರೆದಳು. ಮೇಲೆ ಏನೋ, ಕೆಳಗೆ ಏನೋ ಗೀಚಿದಳು. ಬೆರಳಿಟ್ಟು ಮೊದಲಿಂದ ಕೊನೆಗೆ ಓದಿದಳು, ಮತ್ತೊಮ್ಮೆ ಓದಿದಳು. 

"ಹಾಗಾದ್ರೆ ನಂದು ಸರಿಯಿತ್ತು," ಎಂದಳು. ನನಗೆ ಹೇಳಿದ್ದಲ್ಲ ಅದು, ನಾನು ಅಲ್ಲಿರುವುದನ್ನೇ ಅವಳು ಮರೆತಂತಿತ್ತು. "ನಂದು ಸರಿಯೇ ಇತ್ತು."